ತುಂಗಾ, ಭದ್ರಾ ಯಂತ್ರಗಳಿಗೂ ಮೊದಲು ಒಬ್ಬ ಬ್ರುನೆಲ್ ಇದ್ದ

ದಾವಣಗೆರೆಯಲ್ಲಿ ರೈಲು ಹಳಿ ಊರನ್ನು ಎರಡು ಹೋಳು ಮಾಡಿದೆ. ಜೋರು ಮಳೆ ಬಿದ್ದ ದಿನ ಹಳಿಯ ಕೆಳಗಿನ ಅಂಡರ್‌ಪಾಸ್‌ನಲ್ಲಿ ನೀರು ನಿಂತು, ಸೈಲೆನ್ಸರ್‌ಗೆ ನೀರು ನುಗ್ಗಿ, ಪ್ಯಾಂಟು ಮಡಚಿಕೊಂಡು ಗಾಡಿ ತಳ್ಳಿದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ತಳ್ಳಿದ್ದೇನೆ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಅಂಥ ಹೊತ್ತಲ್ಲಿ ಬೈಗುಳದ ಜೊತೆ ಒಂದು ಪ್ರಶ್ನೆಯೂ ಬರುತ್ತೆ. ಹಳಿಯ ಕೆಳಗಿನ ಸಣ್ಣದೊಂದು ತಗ್ಗನ್ನು ಒಣಗಿಸಿ ಇಟ್ಟುಕೊಳ್ಳೋದೇ ಇಷ್ಟು ಕಷ್ಟವಾದರೆ, ಬೆಂಗಳೂರಿನಂಥ ಊರಿನ ಹೊಟ್ಟೆಯೊಳಗೆ ಕಿಲೋಮೀಟರ್‌ಗಟ್ಟಲೆ ಸುರಂಗ ಕೊರೆಯೋದು ಹೇಗೆ?

ಕೊರೆದಿದ್ದಾರೆ ಅನ್ನೋದಂತೂ ನಿಜ. ನಮ್ಮ ಮೆಟ್ರೋದ ಪಿಂಕ್ ಲೈನ್‌ನಲ್ಲಿ 13.76 ಕಿ.ಮೀ. ನೆಲದಡಿಯ ಮಾರ್ಗವಿದೆ. ಅದಕ್ಕಾಗಿ ಒಂಬತ್ತು ಯಂತ್ರಗಳು ಇಳಿದವು. ಅವುಗಳಲ್ಲಿ ಎರಡರ ಹೆಸರು ತುಂಗಾ ಮತ್ತು ಭದ್ರಾ. 2024ರ ಅಕ್ಟೋಬರ್ ಕೊನೆಯಲ್ಲಿ ನಾಗವಾರದಲ್ಲಿ ಗೋಡೆ ಒಡೆದು ಹೊರಬಂದು ಆ ಮಾರ್ಗದ ಸುರಂಗದ ಕೆಲಸ ಮುಗಿಸಿದ್ದು ಭದ್ರಾ. ಕೂಡ್ಲಿಯಲ್ಲಿ ಸೇರಿ ಹರಿಹರದ ಪಕ್ಕದಲ್ಲಿ ಹರಿಯುವ ನಮ್ಮ ಹೊಳೆಯ ಎರಡು ಹೆಸರುಗಳು ಎಲ್ಲೋ ಶಿವಾಜಿನಗರದಾಚೆ ಬಂಡೆ ಕೊರೆಯುತ್ತಿವೆ ಎಂದು ಓದಿದಾಗ ನನಗೆ ಖುಷಿಯಾಗಿತ್ತು. ಜೊತೆಗೆ, ಈ ಯಂತ್ರದ ಮುತ್ತಜ್ಜನ ಕಥೆಯನ್ನು ಕನ್ನಡದಲ್ಲಿ ಬರೆಯಬೇಕು ಅಂತಲೂ ಅನಿಸಿತ್ತು.

ಆ ಮುತ್ತಜ್ಜನ ಹೆಸರು ಮಾರ್ಕ್ ಇಸಂಬಾರ್ಡ್ ಬ್ರುನೆಲ್. ಬ್ರುನೆಲ್ ಅಂದ ಕೂಡಲೇ ಜಗತ್ತಿಗೆ ನೆನಪಾಗೋದು ಅವನ ಮಗ, ಟೋಪಿ ಹಾಕಿ ಸರಪಳಿಗಳ ಮುಂದೆ ನಿಂತ ಫೋಟೋದ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ನಾನು ಹೇಳ್ತಿರೋದು ಅಪ್ಪನ ಬಗ್ಗೆ.

ಅಪ್ಪ ಬ್ರುನೆಲ್ ಹುಟ್ಟಿದ್ದು 1769ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಹಾಕ್‌ವಿಲ್ ಎಂಬ ಹಳ್ಳಿಯಲ್ಲಿ. ಅನುಕೂಲಸ್ಥ ರೈತರ ಮನೆಯ ಎರಡನೇ ಮಗ. ಅಲ್ಲಿನ ವಾಡಿಕೆಯಂತೆ ಅವನನ್ನು ಪಾದ್ರಿ ಮಾಡಬೇಕೆಂದು ಮನೆಯವರ ಲೆಕ್ಕ. ಹುಡುಗನಿಗೋ ಬಡಗಿಯ ಅಂಗಡಿ, ಚಿತ್ರ ಬರೆಯೋದು, ಗಣಿತ ಇಷ್ಟೇ ಬೇಕಿತ್ತು. ಕೊನೆಗೆ ನೌಕಾಪಡೆಗೆ ಸೇರಿದ. ಆರು ವರ್ಷ ಸಮುದ್ರದ ಮೇಲಿದ್ದು ವಾಪಸ್ ಬರುವಷ್ಟರಲ್ಲಿ ದೇಶದಲ್ಲಿ ಕ್ರಾಂತಿಯಾಗಿತ್ತು. ಬ್ರುನೆಲ್ ರಾಜನ ಪರ, ಅದನ್ನು ಮುಚ್ಚಿಡುವ ಜಾಯಮಾನದವನೂ ಅಲ್ಲ. ರುವಾನ್ ಪಟ್ಟಣದಲ್ಲಿ ಸೋಫಿಯಾ ಕಿಂಗ್‌ಡಮ್ ಎಂಬ ಇಂಗ್ಲಿಷ್ ಹುಡುಗಿಯ ಪರಿಚಯವಾಗಿ, ಅದು ಪ್ರೀತಿಯಾಗಿ, ಅಷ್ಟರಲ್ಲಿ ಪ್ರಾಣ ಉಳಿಸಿಕೊಳ್ಳಲು 1793ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಸೋಫಿಯಾ ಅಲ್ಲೇ ಉಳಿದಳು. ಶತ್ರು ದೇಶದವಳೆಂದು ಜೈಲು ಸೇರಿ, ರೋಬ್‌ಸ್ಪಿಯರ್ ಬಿದ್ದ ಮೇಲೆ ಬದುಕಿ ಹೊರಬಂದಳು.

ನ್ಯೂಯಾರ್ಕಿನಲ್ಲಿ ಬ್ರುನೆಲ್ ಆ ನಗರದ ಮುಖ್ಯ ಎಂಜಿನಿಯರ್ ಕೂಡ ಆದ. ಆದರೆ ಮನಸ್ಸು ಅಲ್ಲಿರಲಿಲ್ಲ. 1799ರಲ್ಲಿ ಇಂಗ್ಲೆಂಡಿಗೆ ಬಂದ, ಅದೇ ವರ್ಷ ಸೋಫಿಯಾಳನ್ನು ಮದುವೆಯಾದ. ಬರುವಾಗ ಒಂದು ಐಡಿಯಾ ತಂದಿದ್ದ. ಹಡಗಿನ ಹಾಯಿ ಎಳೆಯುವ ರಾಟೆಗಳನ್ನು ಯಂತ್ರದಲ್ಲಿ ಮಾಡೋದು.

ಇಲ್ಲಿ ಹರಿಹರದವರಿಗೆ ಹತ್ತಿರವಾದ ಒಂದು ವಿಷಯ ಬರುತ್ತೆ. ಬ್ರಿಟಿಷ್ ನೌಕಾಪಡೆಗೆ ಆಗ ವರ್ಷಕ್ಕೆ ಸುಮಾರು ಒಂದು ಲಕ್ಷ ಮರದ ರಾಟೆ ಬೇಕಾಗಿತ್ತು. ಎಲ್ಲವನ್ನೂ ನುರಿತ ಕುಶಲಕರ್ಮಿಗಳು ಕೈಯಿಂದ ಮಾಡುತ್ತಿದ್ದರು. ಬ್ರುನೆಲ್ ನಕ್ಷೆ ಬರೆದ, ಹೆನ್ರಿ ಮಾಡ್‌ಸ್ಲೇ ಯಂತ್ರಗಳನ್ನು ತಯಾರಿಸಿದ. ಲೇತ್ ಯಂತ್ರ ಇವತ್ತಿನ ರೂಪಕ್ಕೆ ಬರಲು ದೊಡ್ಡ ಕಾರಣ ಅಂತ ಹೇಳ್ತಾರಲ್ಲ, ಅದೇ ಮಾಡ್‌ಸ್ಲೇ. ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ 1808ರ ಹೊತ್ತಿಗೆ ಸುಮಾರು 45 ಯಂತ್ರಗಳು ಸಾಲಾಗಿ ನಿಂತವು. ಒಂದೊಂದು ಯಂತ್ರಕ್ಕೆ ಒಂದೊಂದೇ ಕೆಲಸ. 110 ಕುಶಲಕರ್ಮಿಗಳು ಮಾಡುತ್ತಿದ್ದುದನ್ನು ತರಬೇತಿಯೇ ಇಲ್ಲದ 10 ಜನ ಮಾಡಿದರು. ರಾಶಿ ಉತ್ಪಾದನೆಯ ಇತಿಹಾಸ ಬರೆಯುವವರು ಇಲ್ಲಿಂದಲೇ ಶುರು ಮಾಡುವುದುಂಟು.

ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಮೊದಲು ಮುಟ್ಟಿದ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. 1941ರಲ್ಲಿ ಶುರುವಾಗಿ ದಶಕಗಳ ಕಾಲ ದೇಶಕ್ಕೆ ಲೇತ್ ಕೊಟ್ಟ ಕಾರ್ಖಾನೆ ಅದು, ಈಗಿಲ್ಲ. ಒಂದು ಯಂತ್ರ ಬಂದರೆ ಕೆಲಸ ಯಾರದ್ದು ಹೋಗುತ್ತೆ, ಯಂತ್ರದ ಕಾರ್ಖಾನೆಯೇ ಹೋದರೆ ಯಾರ ಮನೆ ಖಾಲಿಯಾಗುತ್ತೆ ಅನ್ನೋದನ್ನು ಹರಿಹರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆ 110 ಜನ ಆಮೇಲೆ ಏನಾದರು ಅನ್ನೋದು ಬ್ರುನೆಲ್‌ನ ಜೀವನಚರಿತ್ರೆಗಳ ವಿಷಯವಲ್ಲ. ಅದನ್ನು ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತೆ.

ಯಂತ್ರದಲ್ಲಿ ಬ್ರುನೆಲ್ ಎಷ್ಟು ಚುರುಕೋ ದುಡ್ಡಿನ ವಿಷಯದಲ್ಲಿ ಅಷ್ಟೇ ದಡ್ಡ. ಬ್ಯಾಟರ್‌ಸಿಯಲ್ಲಿ ಹಾಕಿದ್ದ ಸಾಮಿಲ್ 1814ರಲ್ಲಿ ಸುಟ್ಟುಹೋಯಿತು. ಯುದ್ಧದಿಂದ ವಾಪಸಾದ ಸೈನಿಕರ ಕಾಲಿನ ಗಾಯ ನೋಡಿ ಮರುಗಿ ಯಂತ್ರದಲ್ಲಿ ಬೂಟು ತಯಾರಿಸಲು ಶುರು ಮಾಡಿದ್ದ. ವಾಟರ್‌ಲೂ ಮುಗಿದು ಶಾಂತಿ ಬಂದ ಕೂಡಲೇ ಸರ್ಕಾರಕ್ಕೆ ಬೂಟು ಬೇಡವಾಯಿತು, ಮಾಡಿಟ್ಟ ಮಾಲು ಹಾಗೇ ಬಿತ್ತು. 1821ರ ಮೇ ತಿಂಗಳಲ್ಲಿ ಸಾಲ ತೀರಿಸಲಾಗದೆ ಲಂಡನ್ನಿನ ಕಿಂಗ್ಸ್ ಬೆಂಚ್ ಜೈಲು ಸೇರಿದ. ಸೋಫಿಯಾ ಜೊತೆಗೇ ಹೋದಳು. ಸುಮಾರು ಮೂರು ತಿಂಗಳು ಅಲ್ಲೇ ಸಂಸಾರ. ರಷ್ಯಾದ ಚಕ್ರವರ್ತಿಯ ಬಳಿ ಕೆಲಸಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ಹಬ್ಬಿದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ಎಚ್ಚರವಾಗಿ, 5,000 ಪೌಂಡ್ ಕೊಟ್ಟು ಬಿಡಿಸಿಕೊಂಡಿತು. ಷರತ್ತು ಒಂದೇ, ದೇಶ ಬಿಡಬಾರದು.

ಜೈಲಿಗೆ ಹೋಗುವ ಮೂರು ವರ್ಷ ಮೊದಲೇ ಅವನ ಹೆಸರಿನಲ್ಲಿ ಒಂದು ಪೇಟೆಂಟ್ ಇತ್ತು. ಅದರ ಹಿಂದಿನ ಪ್ರೇರಣೆ ಒಂದು ಹುಳು. ಹಡಗಿನ ಮರ ಕೊರೆದು ತಿನ್ನುವ ಟೆರೆಡೊ. ಹುಳು ಅಂತ ಕರೆದರೂ ಅದು ನಿಜವಾಗಿ ಕಪ್ಪೆಚಿಪ್ಪಿನ ಜಾತಿಯ ಜೀವಿ. ತಲೆಯ ಮೇಲಿನ ಗಟ್ಟಿ ಚಿಪ್ಪಿನಿಂದ ಮರ ಕೊರೆಯುತ್ತೆ, ತೇವಕ್ಕೆ ಉಬ್ಬುವ ಮರ ತನ್ನನ್ನು ಅಮುಕದಂತೆ ಹಿಂದೆ ಹಿಂದೆಯೇ ಸುಣ್ಣದ ಪದರ ಬಳಿದುಕೊಳ್ಳುತ್ತಾ ಮುಂದೆ ಹೋಗುತ್ತೆ. ಮುಂದೆ ಕೊರೆಯೋದು, ಹಿಂದೆ ಕೂಡಲೇ ಗೋಡೆ ಕಟ್ಟೋದು. ಬ್ರುನೆಲ್ 1818ರಲ್ಲಿ ಪೇಟೆಂಟ್ ಪಡೆದ ಶೀಲ್ಡ್‌ನ ಸಾರ ಇಷ್ಟೇ. ಭದ್ರಾ ಯಂತ್ರದ ಸಾರವೂ ಇಷ್ಟೇ.

ಸುರಂಗ ಯಾಕೆ ಬೇಕಿತ್ತು? ಹರಿಹರದಲ್ಲಿ ತುಂಗಭದ್ರೆಯನ್ನು ದಾಟಲು 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಕಟ್ಟಿದರು. ನಮ್ಮ ಹೊಳೆಯಲ್ಲಿ ತೇಲುವುದು ಹರಿಗೋಲು, ಕಮಾನು ಎಷ್ಟು ಎತ್ತರ ಇದ್ದರೂ ನಡೆಯುತ್ತೆ. ಲಂಡನ್ನಿನ ಪೂರ್ವದಲ್ಲಿ ಥೇಮ್ಸ್ ನದಿ ತುಂಬ ಎತ್ತರದ ಹಾಯಿಕಂಬದ ಹಡಗುಗಳು. ಸೇತುವೆ ಕಟ್ಟಿದರೆ ಬಂದರೇ ಬಂದ್. ಎರಡೂ ದಡದಲ್ಲಿ ಗೋದಾಮುಗಳಿದ್ದವು, ನಡುವೆ ದಾರಿ ಇರಲಿಲ್ಲ. ಬ್ರುನೆಲ್‌ಗಿಂತ ಮೊದಲು ರಿಚರ್ಡ್ ಟ್ರೆವಿಥಿಕ್, ಉಗಿಬಂಡಿಯ ಟ್ರೆವಿಥಿಕ್ಕೇ, ನದಿಯ ಅಡಿ ಸಣ್ಣ ಸುರಂಗ ತೋಡಲು ಹೋಗಿ ಸಾವಿರ ಅಡಿ ದಾಟಿದ ಮೇಲೆ ನೀರು ನುಗ್ಗಿ 1808ರಲ್ಲಿ ಕೈಬಿಟ್ಟಿದ್ದ. ಮೆದು ನೆಲದಲ್ಲಿ ನದಿಯ ಅಡಿ ಸುರಂಗ ಅಸಾಧ್ಯ ಅಂತ ತಿಳಿದವರೇ ಹೇಳುತ್ತಿದ್ದ ಕಾಲ ಅದು.

1825ರ ಮಾರ್ಚ್‌ನಲ್ಲಿ ರೋದರ್‌ಹೈತ್ ದಡದಲ್ಲಿ ಕೆಲಸ ಶುರುವಾಯಿತು. ಮೊದಲು ಕೆಳಗಿಳಿಯಲು ಬಾವಿ ಬೇಕು. ಬ್ರುನೆಲ್ ಬಾವಿ ತೋಡಲಿಲ್ಲ, ನೆಲದ ಮೇಲೆ ಕಟ್ಟಿದ! 50 ಅಡಿ ಅಗಲದ ಕಬ್ಬಿಣದ ಬಳೆ ಇಟ್ಟು, ಅದರ ಮೇಲೆ 40 ಅಡಿ ಎತ್ತರಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ, ಒಳಗಿನ ಮಣ್ಣು ತೆಗೆಸುತ್ತಾ ಹೋದ. ಇಡೀ ಗೋಪುರ ತನ್ನ ಭಾರಕ್ಕೆ ತಾನೇ ದಿನಕ್ಕೆ ಕೆಲವು ಇಂಚು ನೆಲಕ್ಕೆ ಇಳಿಯಿತು. ಉಸುಕಿನ ನೆಲದಲ್ಲಿ ಹೀಗೆ ಬಳೆ ಇಳಿಸಿ ಬಾವಿ ಮಾಡೋದು ನಮ್ಮ ದೇಶದಲ್ಲೂ ಹಳೆಯ ವಿದ್ಯೆ. ಸೇತುವೆಯ ಕಂಬಗಳಿಗೆ ಇವತ್ತೂ ಅದೇ ಪದ್ಧತಿಯ ಅಡಿಪಾಯ ಹಾಕ್ತಾರೆ.

ಆಮೇಲೆ ಶೀಲ್ಡ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಕಥೆಯ ಜೀವ ಇರೋದು ಇಲ್ಲಿ.

ಹನ್ನೆರಡು ಎರಕದ ಕಬ್ಬಿಣದ ಚೌಕಟ್ಟುಗಳನ್ನು ಪುಸ್ತಕಗಳ ಹಾಗೆ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಒಂದೊಂದರಲ್ಲೂ ಮೂರು ಮಹಡಿ. ಒಟ್ಟು 36 ಗೂಡು, ಗೂಡಿಗೊಬ್ಬ ಕೆಲಸಗಾರ. ಅವನ ಎದುರಿನ ಮಣ್ಣಿಗೆ ಅಡ್ಡ ಹಲಗೆಗಳನ್ನು ಸ್ಕ್ರೂ ಹಾಕಿ ಒತ್ತಿ ಹಿಡಿದಿರುತ್ತೆ. ಅವನು ಒಂದೇ ಒಂದು ಹಲಗೆ ತೆಗೆಯಬೇಕು. ಅದರ ಹಿಂದಿನ ಮಣ್ಣನ್ನು ನಾಲ್ಕೂವರೆ ಇಂಚು ಆಳಕ್ಕೆ ಕೆರೆಯಬೇಕು, ಹಲಗೆಯನ್ನು ಹೊಸ ಜಾಗಕ್ಕೆ ಒತ್ತಿ ಬಿಗಿಯಬೇಕು. ನಂತರ ಕೆಳಗಿನ ಹಲಗೆ. ಎಲ್ಲ ಹಲಗೆಗಳೂ ಮುಂದೆ ಹೋದ ಮೇಲೆ ಆ ಚೌಕಟ್ಟನ್ನು ಸ್ಕ್ರೂ ಜ್ಯಾಕ್‌ನಿಂದ ಮುಂದಕ್ಕೆ ತಳ್ಳೋದು. ಜ್ಯಾಕ್ ಒದೆಯೋದು ಯಾವುದಕ್ಕೆ? ಹಿಂದೆ ಗೌಂಡಿಗಳು ಆಗಷ್ಟೇ ಕಟ್ಟಿದ ಇಟ್ಟಿಗೆ ಗೋಡೆಗೆ. 36 ಜನ ಕೆರೆಯುತ್ತಿದ್ದರೂ ಯಾವುದೇ ಕ್ಷಣದಲ್ಲಿ ಬಯಲಾಗಿರುವುದು ಚೂರುಪಾರು ಮಣ್ಣು ಮಾತ್ರ.

ಸುರಂಗ ಅಂದರೆ ಅಗೆಯೋದು ಅಂತ ನಾವು ತಿಳಿದಿರ್ತೀವಿ. ನಿಜವಾಗಿ ಅದು ಹಿಡಿದುಕೊಳ್ಳೋದು. ಎಷ್ಟು ಅಗೆದೆ ಅನ್ನೋದಕ್ಕಿಂತ, ಆಸರೆಯಿಲ್ಲದೆ ಎಷ್ಟು ನೆಲವನ್ನು ಎಷ್ಟು ಹೊತ್ತು ಬಿಟ್ಟೆ ಅನ್ನೋದು ಮುಖ್ಯ. ಬೆಂಗಳೂರಿನ ಯಂತ್ರದಲ್ಲಿ 36 ಜನರ ಜಾಗದಲ್ಲಿ ತಿರುಗುವ ಉಕ್ಕಿನ ತಲೆ ಇದೆ, ಹಲಗೆಗಳ ಬದಲು ಮಣ್ಣು-ನೀರಿನ ಒತ್ತಡವೇ ಎದುರಿನ ನೆಲವನ್ನು ಹಿಡಿಯುತ್ತೆ, ಇಟ್ಟಿಗೆಯ ಬದಲು ಕಾಂಕ್ರೀಟ್ ತುಂಡುಗಳ ಬಳೆ ಕೂರುತ್ತೆ, ಜ್ಯಾಕ್‌ಗಳು ಈಗಲೂ ಹಿಂದಿನ ಬಳೆಗೇ ಒದ್ದು ಮುಂದೆ ಹೋಗುತ್ತವೆ. ತೊಂದರೆ ಕೂಡ ಹಳೆಯದೇ. ಬೆಂಗಳೂರಿನ ನೆಲ ಒಂದೇ ಥರ ಇಲ್ಲ. ಯಂತ್ರದ ತಲೆಯ ಅರ್ಧಕ್ಕೆ ಗಟ್ಟಿ ಬಂಡೆ ಸಿಕ್ಕಿ, ಇನ್ನರ್ಧಕ್ಕೆ ಪುಡಿಪುಡಿ ಮಣ್ಣು ಸಿಗಬಹುದು. ಬಂಡೆಗೆ ಬೇಕಾದ ವೇಗ ಬೇರೆ, ಮಣ್ಣಿಗೆ ಬೇಕಾದ ಒತ್ತಡ ಬೇರೆ. ಲೆಕ್ಕ ತಪ್ಪಿದರೆ ಬೇಕಾದ್ದಕ್ಕಿಂತ ಹೆಚ್ಚು ಮಣ್ಣು ಒಳಗೆ ಬಂದು, ಮೇಲೆ ಎಲ್ಲೋ ಪೊಳ್ಳು ಬೀಳುತ್ತೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ, ಮೆಟ್ರೋ ಸುರಂಗದ ಕೆಲಸ ನಡೆದಿದ್ದ ಕಡೆಗೆ ಹತ್ತಿರದಲ್ಲೇ ರಸ್ತೆ ಕುಸಿದು ಬೈಕ್ ಸವಾರರೊಬ್ಬರು ಬಿದ್ದ ಸುದ್ದಿ ನೆನಪಿರಬಹುದು.

ಬ್ರುನೆಲ್‌ಗೂ ನೆಲ ಮೋಸ ಮಾಡಿತು. ನದಿಯ ಅಡಿ ಗಟ್ಟಿ ನೀಲಿ ಜೇಡಿಮಣ್ಣು ಸಿಗುತ್ತೆ ಅಂತ ಭೂವಿಜ್ಞಾನಿಗಳು ಭರವಸೆ ಕೊಟ್ಟಿದ್ದರು. ಸಿಕ್ಕಿದ್ದು ಅಲ್ಲಲ್ಲಿ ಜೇಡಿ, ಉಳಿದಂತೆ ಜಲ್ಲಿ, ಕೆಸರು. ಸುರಂಗದ ತಳ ಭರತದ ಹೊತ್ತಿನ ನೀರಿನ ಮಟ್ಟಕ್ಕಿಂತ 75 ಅಡಿ ಕೆಳಗೆ. ಲೆಕ್ಕ ಹಾಕಿ, ಒಂದು ಚದರ ಮೀಟರ್‌ಗೆ ಸುಮಾರು 23 ಟನ್ ಒತ್ತಡ. ಸುರಂಗದ ನೆತ್ತಿಗೂ ನದಿಯ ತಳಕ್ಕೂ ನಡುವೆ ಕೆಲವೆಡೆ ಎರಡು-ಮೂರು ಆಳೆತ್ತರದ ಮಣ್ಣು ಅಷ್ಟೇ.

ಅದು ಬರೀ ನೀರೂ ಅಲ್ಲ. ಥೇಮ್ಸ್ ಆಗ ಲಂಡನ್ನಿನ ಚರಂಡಿ. ಗೂಡಿನೊಳಗೆ ನಿಂತವರ ಮೈಮೇಲೆ ಊರಿನ ಕೊಳಚೆ ತೊಟ್ಟಿಕ್ಕುತ್ತಿತ್ತು. ಜ್ವರ, ವಾಂತಿ, ತಾತ್ಕಾಲಿಕ ಕುರುಡು. ಮಣ್ಣಿನಿಂದ ಬಂದ ಅನಿಲಕ್ಕೆ ದೀಪದ ಕಿಡಿ ತಾಗಿ ಬೆಂಕಿ ಏಳುತ್ತಿತ್ತು. ಸ್ಥಳದ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್ ಆರೋಗ್ಯ ಕೆಟ್ಟು ಹೊರಟುಹೋದ. ಅವನ ಜಾಗಕ್ಕೆ ಬಂದವನು ಇಪ್ಪತ್ತರ ಹರೆಯದ ಮಗ ಇಸಂಬಾರ್ಡ್. ಮಗನನ್ನೇ ಆ ಗುಂಡಿಗೆ ಇಳಿಸಿದ ಅಪ್ಪನನ್ನು ಏನನ್ನಬೇಕೋ ನನಗೆ ತಿಳಿಯದು. ಕನಿಷ್ಠ ಬೇರೆಯವರ ಮಕ್ಕಳನ್ನು ಮಾತ್ರ ಇಳಿಸಿದ ಅಂತ ಯಾರೂ ಹೇಳುವ ಹಾಗಿಲ್ಲ.

ಕಂಪನಿಗೆ ದುಡ್ಡು ಸಾಲದಾದಾಗ ನಿರ್ದೇಶಕರು ಒಂದು ಉಪಾಯ ಮಾಡಿದರು. ತಲೆಗೆ ಒಂದು ಶಿಲ್ಲಿಂಗ್ ಪಡೆದು, ಕೆಲಸ ನಡೆಯುತ್ತಿರುವ ಸುರಂಗವನ್ನು ಜನರಿಗೆ ತೋರಿಸೋದು! ದಿನಕ್ಕೆ ನೂರಾರು ಜನ ಬಂದರು. ನೆತ್ತಿಯ ಮೇಲೆ ನದಿ ಇರುವಾಗ ಇದು ಬೇಡ ಅನ್ನುವ ಅಳುಕು ಬ್ರುನೆಲ್‌ನನ್ನು ಬಿಡದೆ ಕಾಡಿತು, ಆದರೂ ತಡೆಯಲಾಗಲಿಲ್ಲ. 1827ರ ಮೇ 18ರಂದು, ಸುಮಾರು 549 ಅಡಿ ಮುಗಿದಿದ್ದಾಗ, ನದಿ ಒಳಗೆ ಬಂತು. ಪುಣ್ಯಕ್ಕೆ ಎಲ್ಲರೂ ಓಡಿ ಪಾರಾದರು. ನದಿಯ ತಳದ ತೂತನ್ನು ನೋಡಲು ಡೈವಿಂಗ್ ಬೆಲ್‌ನಲ್ಲಿ ಇಳಿದು, ಜೇಡಿಮಣ್ಣಿನ ಚೀಲಗಳನ್ನು ಸಾವಿರಗಟ್ಟಲೆ ಸುರಿದು ಮುಚ್ಚಿದರು. ನೀರು ಬಸಿಯಲು ತಿಂಗಳುಗಳೇ ಹಿಡಿದವು. ಧೈರ್ಯ ತೋರಿಸಲು ಅದೇ ನವೆಂಬರ್‌ನಲ್ಲಿ ಸುರಂಗದೊಳಗೆ ಬ್ಯಾಂಡ್ ಬಾರಿಸಿ ಔತಣ ಮಾಡಿದರು. ಒಂದು ಕಮಾನಿನ ಕೆಳಗೆ ಗಣ್ಯರು, ಪಕ್ಕದ ಕಮಾನಿನ ಕೆಳಗೆ ಕೆಲಸಗಾರರು.

ಎರಡು ತಿಂಗಳಷ್ಟೇ. 1828ರ ಜನವರಿ 12ರ ಬೆಳಗ್ಗೆ ನದಿ ಮತ್ತೆ ನುಗ್ಗಿತು. ಈ ಸಲ ಆರು ಜನ ಸತ್ತರು. ಮಗ ಇಸಂಬಾರ್ಡ್ ಶೀಲ್ಡ್‌ನ ಹತ್ತಿರವೇ ಇದ್ದ. ನೀರಿನ ಅಲೆ ಅವನನ್ನು ಬಾವಿಯ ಮೇಲಿನವರೆಗೆ ಎತ್ತಿ ತಂದು ಹಾಕಿತು, ಯಾರೋ ಹಿಡಿದೆಳೆದು ಉಳಿಸಿದರು. ಸುಧಾರಿಸಿಕೊಳ್ಳಲೆಂದು ಬ್ರಿಸ್ಟಲ್ ಕಡೆ ಹೋದ ಹುಡುಗ ಅಲ್ಲಿ ಸೇತುವೆಯ ಸ್ಪರ್ಧೆಯೊಂದಕ್ಕೆ ನಕ್ಷೆ ಕಳಿಸಿ, ಮುಂದೆ ಜಗತ್ಪ್ರಸಿದ್ಧ ಎಂಜಿನಿಯರ್ ಆದ. ಸತ್ತ ಆರು ಜನರ ಬಗ್ಗೆ ನಾನು ಓದಿದ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಶೀಲ್ಡ್‌ನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದರೆ ಪೂರ್ತಿ ಅಂಕ ಬರುತ್ತಿತ್ತು.

ದುಡ್ಡೂ ಮುಗಿದಿತ್ತು. ಶೀಲ್ಡ್‌ನ ಮುಂದೆ ಇಟ್ಟಿಗೆ ಗೋಡೆ ಎಬ್ಬಿಸಿ ಸುರಂಗ ಮುಚ್ಚಿದರು. ಆ ಗೋಡೆಯ ತುದಿಗೆ ಒಂದು ದೊಡ್ಡ ಕನ್ನಡಿ ಇಟ್ಟು, ಅರ್ಧ ಸುರಂಗ ಪೂರ್ತಿ ಸುರಂಗದಂತೆ ಕಾಣುವ ಹಾಗೆ ಮಾಡಿ ಟಿಕೆಟ್ ಮಾರಿದರು. ಏಳು ವರ್ಷ ಹೀಗೇ. ಬ್ರುನೆಲ್‌ಗೆ ಆಗ ಅರವತ್ತರ ಆಸುಪಾಸು. ಪತ್ರಿಕೆಗಳಿಗೆ ಅವನ ಸುರಂಗ ನಗೆಯ ಸರಕು. ಬೇರೆ ಎಂಜಿನಿಯರ್‌ಗಳ ಸುಲಭದ ಯೋಜನೆಗಳನ್ನು ಕಂಪನಿಯ ಅಧ್ಯಕ್ಷರು ಮುಂದೆ ಮಾಡುತ್ತಿದ್ದರು. ಬ್ರುನೆಲ್ ರಾಜೀನಾಮೆ ಕೊಟ್ಟು, ಮತ್ತೆ ವಾಪಸ್ ಬಂದ. ಕೊನೆಗೆ ಸರ್ಕಾರದ ಖಜಾನೆಯಿಂದ ಎರಡು ಲಕ್ಷ ಪೌಂಡಿಗೂ ಮೀರಿದ ಸಾಲ ಸಿಕ್ಕಿ, ಹಳೆಯ ಶೀಲ್ಡ್ ಬಿಚ್ಚಿ ತೆಗೆದು ಹೊಸದನ್ನು ಕೂರಿಸಿ, 1836ರಲ್ಲಿ ಅಗೆತ ಮುಂದುವರಿಯಿತು. 1837, 1838, 1840ರಲ್ಲಿ ಮತ್ತೆ ನೀರು ಬಂತು. ಈಗ ಅವನಿಗೆ ನದಿಯ ಚಾಳಿ ಗೊತ್ತಾಗಿತ್ತು. ನದಿಯ ತಳಕ್ಕೆ ಮೇಲಿನಿಂದ ಜೇಡಿಮಣ್ಣು ಹಾಸಿ, ತೂತಾದಲ್ಲಿ ಮುಚ್ಚಿ, ಬಸಿದು, ಮತ್ತೆ ನಾಲ್ಕೂವರೆ ಇಂಚಿನ ಲೆಕ್ಕ ಶುರು.

1841ರಲ್ಲಿ ವಿಕ್ಟೋರಿಯಾ ರಾಣಿ ಸರ್ ಪದವಿ ಕೊಟ್ಟಳು. ಅದೇ ವರ್ಷ ಶೀಲ್ಡ್ ವಾಪಿಂಗ್ ದಡ ಮುಟ್ಟಿತು. ಮರುವರ್ಷ ಬ್ರುನೆಲ್‌ಗೆ ಪಾರ್ಶ್ವವಾಯು ಹೊಡೆಯಿತು. 1843ರ ಮಾರ್ಚ್ 25ರಂದು ಸುರಂಗ ಜನರಿಗೆ ತೆರೆಯಿತು. 1,300 ಅಡಿ ಉದ್ದ, ಹದಿನೆಂಟು ವರ್ಷದ ಕೆಲಸ. ಮೊದಲ ದಿನವೇ 50,000 ಜನ ನಡೆದರು. ಹಡಗು ಓಡುವ ನದಿಯೊಂದರ ಅಡಿ ತೋಡಿದ ಮೊದಲ ಸುರಂಗ ಅದು.

ಲೆಕ್ಕಪತ್ರದ ಪ್ರಕಾರ ಮಾತ್ರ ಫೇಲ್. ಸರಕಿನ ಗಾಡಿಗಳು ಇಳಿಯಲು ಬೇಕಾದ ಇಳಿಜಾರು ದಾರಿ ಕಟ್ಟಲು ದುಡ್ಡೇ ಉಳಿಯಲಿಲ್ಲ. ಗೋದಾಮಿನ ಸಾಮಾನು ಸಾಗಿಸಲೆಂದು ಕಟ್ಟಿದ ಸುರಂಗದಲ್ಲಿ ಜನ ಒಂದು ಪೆನ್ನಿ ಕೊಟ್ಟು ಅಡ್ಡಾಡಿದರು, ಒಳಗೆ ಬಳೆ-ಬೊಂಬೆ ಅಂಗಡಿಗಳು ಬಂದವು. ಜಾತ್ರೆಯ ವ್ಯಾಪಾರ. ಬ್ರುನೆಲ್ ಅದನ್ನೇ ನೋಡಿಕೊಂಡು 1849ರ ಡಿಸೆಂಬರ್ 12ರಂದು, 80ರ ವಯಸ್ಸಿನಲ್ಲಿ ತೀರಿಕೊಂಡ. ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ ಮಣ್ಣು ಮಾಡಿದರು. ಆರು ವರ್ಷದೊಳಗೆ ಸೋಫಿಯಾ, ಅದಾದ ನಾಲ್ಕು ವರ್ಷಕ್ಕೆ ಮಗ ಇಸಂಬಾರ್ಡ್, ಅದೇ ಜಾಗಕ್ಕೆ ಬಂದರು.

ಸುರಂಗವನ್ನು 1865ರಲ್ಲಿ ಒಂದು ರೈಲ್ವೆ ಕಂಪನಿ ಕೊಂಡಿತು. 1869ರಲ್ಲಿ ಅದರೊಳಗೆ ರೈಲು ಓಡಿತು. ಗಾಡಿ-ಕುದುರೆಗೆಂದು ಬಿಟ್ಟಿದ್ದ ಎತ್ತರ ರೈಲಿಗೆ ಸರಿಹೋಯಿತು. ಅದೇ ಹೊತ್ತಿಗೆ ಜೇಮ್ಸ್ ಗ್ರೇಟ್‌ಹೆಡ್ ಎಂಬ ಯುವಕ ಥೇಮ್ಸ್‌ನ ಅಡಿ ಇನ್ನೊಂದು ಸಣ್ಣ ಸುರಂಗವನ್ನು ಗುಂಡನೆಯ ಶೀಲ್ಡ್ ಬಳಸಿ ಕೆಲವೇ ತಿಂಗಳಲ್ಲಿ ಮುಗಿಸಿದ್ದ. 1890ರಲ್ಲಿ ಅವನ ಶೀಲ್ಡ್ ತೋಡಿದ ಕೊಳವೆಯಲ್ಲಿ ಲಂಡನ್ನಿನ ಮೊದಲ ವಿದ್ಯುತ್ ಭೂಗತ ರೈಲು ಓಡಿತು. ನಾಗವಾರದಲ್ಲಿ ಹೊರಬಂದ ಯಂತ್ರ ಆ ವಂಶದ್ದೇ.

ಬ್ರುನೆಲ್‌ನ ಸುರಂಗದಲ್ಲಿ ಇವತ್ತೂ ರೋದರ್‌ಹೈತ್‌ನಿಂದ ವಾಪಿಂಗ್‌ಗೆ ರೈಲು ಓಡುತ್ತೆ. 1995ರಲ್ಲಿ ಸೋರಿಕೆ ತಡೆಯಲೆಂದು ಸಂಚಾರ ನಿಲ್ಲಿಸಿದ್ದರು. ಒಳಗೆಲ್ಲ ಕಾಂಕ್ರೀಟ್ ಬಳಿಯಲು ಹೊರಟಾಗ ಊರಿನವರು ಜಗಳ ತೆಗೆದರು, ರಾತ್ರೋರಾತ್ರಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಬೇಕಾಯಿತು. ಕೊನೆಗೆ ಆದ ಒಪ್ಪಂದದ ಪ್ರಕಾರ ಬಹುಪಾಲು ಸುರಂಗಕ್ಕೆ ಕಾಂಕ್ರೀಟ್ ಬಿತ್ತು. ರೋದರ್‌ಹೈತ್ ತುದಿಯ ಸ್ವಲ್ಪ ಭಾಗದಲ್ಲಿ ಮಾತ್ರ ಆ ಕಾಲದ ಗೌಂಡಿಗಳು ಕಟ್ಟಿದ ಇಟ್ಟಿಗೆ ಕಮಾನುಗಳನ್ನು ಹಾಗೇ ಬಿಟ್ಟಿದ್ದಾರೆ.